ಕುಲಗೋಡದ ಪಂಪು ಚಾಲೂ ಮಾಡಿದ್ದು ಯಾರು

ನವೆಂಬರ್ 12, ಮಂಗಳವಾರ

ಇವತ್ತು ಕುಲಗೋಡದಲ್ಲಿ ಒಬ್ಬರ ಬಲಗೈಯ ಮೂರು ಬೆರಳು ಹೋದವು. ಸಿದ್ರಾಮ ಎಂದು ಹೆಸರು. ಅಲ್ಲಿನ ರೈತರ ನೀರಿನ ಸಂಘದ ಪಂಪ್‌ಹೌಸ್ ನೋಡಿಕೊಳ್ಳುವವರು. ಮೋಟರು ಪಂಪಿಗೆ ಕೂಡುವ ಕಡೆ ರಬ್ಬರ್ ಬುಷ್ ಸವೆದಿತ್ತಂತೆ. ಬದಲಿಸಲು ಕೈ ಹಾಕಿದ್ದಾರೆ, ಅಷ್ಟರಲ್ಲಿ ಮೋಟರು ತಿರುಗಿದೆ.

ಆ ಮೋಟರನ್ನು ಫೋನಿನಿಂದ ಚಾಲೂ, ಬಂದ್ ಮಾಡುವ ಪೆಟ್ಟಿಗೆ ನಮ್ಮ ಕಂಪನಿಯದು. ಪೆಟ್ಟಿಗೆಗೆ ಹುಕುಮು ಕಳಿಸುವ ಪ್ರೋಗ್ರಾಮು ಮಾಲೀಕರ ಮಗ ಫರ್ಹಾನ ಬರೆದದ್ದು. ಅದನ್ನು ತಪಾಸಣೆ ಮಾಡುವವಳು ನಾನು.

ಸುದ್ದಿ ಬಂದಾಗ ಮಾಲೀಕರು, ಶಮಶೇರ ಚಾಚಾ, ಫೋನು ಹಿಡಿದು ಗೋಕಾಕದ ಆಫೀಸಿನ ಹೊರಗೆ ರಸ್ತೆಯಲ್ಲೇ ಅಡ್ಡಾಡುತ್ತಿದ್ದರು. ಒಳಗೆ ಬಂದು, "ಅಂವಾ ಫೋನ್ ಕಿಸೆದಾಗ ಇಟ್ಕೊಂಡಿರಬೇಕು, ಬಗ್ಗಿದಾಗ ಬಟನ್ ಒತ್ತೇತಿ. ಮತ್ತೇನಿಲ್ಲ," ಎಂದರು. ಫರ್ಹಾನರ ಮುಖ ಬಿಳಿಚಿಕೊಂಡಿತ್ತು. "ಯಾರರ ಕೇಳಿದ ಹೊರತು ನನ್ನ ಪ್ರೋಗ್ರಾಮು ಒಂದೂ ಹುಕುಮು ಕಳಸೂದಿಲ್ಲ," ಎಂದರು. ನನಗೆ ಅದು ಗೊತ್ತು. ಅವರಷ್ಟು ಎಚ್ಚರದಿಂದ ಕೆಲಸ ಮಾಡುವವರನ್ನು ನಾನು ನೋಡಿಲ್ಲ.

ಬಸ್ಸಿನಲ್ಲಿ ಹುಕ್ಕೇರಿಗೆ ಬರುವಾಗ ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಮನೆಯಲ್ಲಿ ಅಮ್ಮಿ ನಿಕಾಹದ ಬಟ್ಟೆಯ ಮಾತು ತೆಗೆದಳು. ಜನವರಿಯಲ್ಲಿ ನಾನು ಫರ್ಹಾನರನ್ನು ಮದುವೆಯಾಗಿ ಶಮಶೇರ ಚಾಚಾರ ಮನೆಯ ಸೊಸೆಯಾಗುವವಳು. ಬೆರಳಿನ ಸುದ್ದಿ ನಾನು ಹೇಳಲಿಲ್ಲ.

ನವೆಂಬರ್ 13, ಬುಧವಾರ

ಚಾಚಾ ಒಂದು ಹಾಳೆ ತಂದು ನನ್ನ ಮೇಜಿನ ಮೇಲಿಟ್ಟರು. ನೀರಿನ ಸಂಘಕ್ಕೆ ಕಂಪನಿ ಕೊಡುವ ಹೇಳಿಕೆ. 'ಪ್ರೋಗ್ರಾಮನ್ನು ಪೂರ್ತಿ ಪರೀಕ್ಷಿಸಲಾಗಿದೆ. ಅದರಲ್ಲಿ ದೋಷವಿಲ್ಲ. ಪಂಪು ನಿರ್ವಾಹಕನ ಅಜಾಗರೂಕತೆಯಿಂದ ಚಾಲೂ ಆಗಿದೆ.' ಕೆಳಗೆ ತಪಾಸಣೆ ಮಾಡಿದವರ ಸಹಿ ಎಂದು ನನ್ನ ಹೆಸರು.

"ಚಾಚಾ, ನಾ ಇನ್ನೂ ತಪಾಸ ಮಾಡಿಲ್ಲಲ್ರಿ."

"ಮಾಡವ್ವಾ. ಯಾರ ಬ್ಯಾಡ ಅಂದಾರ? ಮಾಡಿ ಸಹಿ ಹಾಕು."

ತಪ್ಪೇನಿಲ್ಲ. ಅವರು ಕೇಳಿದ್ದು ಸರಿಯಾಗಿಯೇ ಇದೆ. ಎರಡು ದಿನದಲ್ಲಿ ಪರೀಕ್ಷೆ ಮುಗಿಸಿ, ಫರ್ಹಾನರ ಪ್ರೋಗ್ರಾಮಿನಲ್ಲಿ ಏನೂ ಇಲ್ಲವೆಂದು ನನಗೇ ಖಾತ್ರಿಯಾದ ಮೇಲೆ ಸಹಿ ಹಾಕುತ್ತೇನೆ. ಎಲ್ಲರಿಗೂ ನಿರಾಳ.

ನವೆಂಬರ್ 16, ಶನಿವಾರ

ನನ್ನ ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಮು ತಪ್ಪು ಮಾಡುವುದೇ ಇಲ್ಲ. ಚಾಲೂ ಎಂದರೆ ಚಾಲೂ, ಬಂದ್ ಎಂದರೆ ಬಂದ್. ಅದರಿಂದ ನನಗೆ ಸಮಾಧಾನವಾಗಬೇಕಿತ್ತು. ಆದರೆ ಇದು ಆಫೀಸು. ಇಲ್ಲಿ ವಿದ್ಯುತ್ತು ಹೋಗುವುದಿಲ್ಲ, ನೆಟ್‌ವರ್ಕ್ ಬಿಟ್ಟು ಬಿಟ್ಟು ಬರುವುದಿಲ್ಲ. ಕುಲಗೋಡದ ಕಾಲುವೆ ದಂಡೆ ಹೀಗಿರುವುದಿಲ್ಲ.

ನಿಜವಾಗಿ ಊರೂರಿನ ಪಂಪುಗಳನ್ನು ನಡೆಸುವ ಪ್ರೋಗ್ರಾಮು ಚಾಚಾರ ಕ್ಯಾಬಿನ್ನಿನ ಕಂಪ್ಯೂಟರಿನಲ್ಲಿ ಓಡುತ್ತಿರುತ್ತದೆ. ಓಡುವಾಗ ಅದು ತಾನು ಮಾಡುವುದನ್ನೆಲ್ಲ ಸಾಲು ಸಾಲಾಗಿ ಹೇಳುತ್ತ ಹೋಗುತ್ತದೆ: ಇಂಥ ಊರಿಂದ ಕೇಳಿಕೆ ಬಂತು, ಇಂಥ ಊರಿಗೆ ಹುಕುಮು ಹೋಯಿತು. ಅದಕ್ಕೆ ನಾವು ಲಾಗ್ ಅನ್ನುತ್ತೇವೆ. ಕಪ್ಪು ಪರದೆಯ ಮೇಲೆ ಮೂಡುತ್ತದೆ, ಮೇಲಕ್ಕೆ ಸರಿದು ಹೋಗುತ್ತದೆ. ಮೊದಲು ಉಳಿಸಿಡುತ್ತಿದ್ದೆವು. ಒಮ್ಮೆ ಡಿಸ್ಕ್ ತುಂಬಿ ಎಲ್ಲ ಊರಿನ ಪಂಪುಗಳೂ ನಿಂತು, ರೈತರಿಂದ ಬೈಸಿಕೊಂಡ ಮೇಲೆ ಫರ್ಹಾನ ಅದನ್ನು ತೆಗೆದುಹಾಕಿದರು. ಹೀಗಾಗಿ ಮಂಗಳವಾರ ಅದು ಏನು ಹೇಳಿತ್ತೋ ಯಾರಿಗೂ ಗೊತ್ತಿಲ್ಲ.

ನಿಲ್ಲಿಸಿ ಮತ್ತೆ ಉಳಿಸುವ ಹಾಗೆ ಮಾಡೋಣವೆಂದರೆ ಚಾಚಾ ಕೇಳುವುದಿಲ್ಲ. "ತುಕ್ಕಾನಟ್ಟಿ, ಬೆಲ್ಲದ ಬಾಗೇವಾಡಿ ಎಲ್ಲಾ ಅದರ ಮ್ಯಾಲ ಅದಾವು. ನಿಲ್ಲಿಸಿದರ ನಾಳೆ ಮಂದಿ ಬಂದು ಬಾಗಲದಾಗ ನಿಂದರತಾರ."

ಓಡುತ್ತಿರುವುದನ್ನು ಓಡುವಾಗಲೇ ಹಿಡಿಯಬೇಕು.

ನವೆಂಬರ್ 18, ಸೋಮವಾರ

ಚಾಚಾ ನನ್ನನ್ನು ಆಸ್ಪತ್ರೆಗೆ ಕಳಿಸಿದರು. "ನೀ ಹೆಣ್ಣಮಗಳು, ಸಮಾಧಾನದಿಂದ ಮಾತಾಡ್ತಿ. ಫೋನ್ ಎಲ್ಲಿತ್ತು ಅಂತ ಕೇಳ್ಕೊಂಡ ಬಾ," ಎಂದರು. ಕೈಗೆ ಸೇಬಿನ ಚೀಲ ಕೊಟ್ಟರು.

ಸಿದ್ರಾಮ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಮೂವತ್ತೈದರ ಒಳಗಿನ ವಯಸ್ಸು. ಬ್ಯಾಂಡೇಜು ಕಟ್ಟಿದ ಕೈಯನ್ನು ಎದೆಯ ಮೇಲೆ ಮಗುವಿನ ಹಾಗೆ ಹಿಡಿದುಕೊಂಡಿದ್ದರು. ಅವರ ತಾಯಿ ಉದ್ದವ್ವ ನೆಲದ ಮೇಲೆ ಕೂತಿದ್ದರು. ನಾನು ಯಾರೆಂದು ಹೇಳಿದೆ. ಉದ್ದವ್ವ ನನ್ನನ್ನು ತುಂಬ ಹೊತ್ತು ನೋಡಿ, "ಆ ಪೆಟ್ಟಿಗಿ ನಿಮ್ಮದನವಾ?" ಎಂದರು.

ಹೌದೆಂದೆ.

ಸಿದ್ರಾಮ ತಾವಾಗಿಯೇ ಹೇಳಿದರು. "ಮುಂಜಾನೆ ಚಾಲೂ ಒತ್ತಿದ್ಯಾ, ಅಕ್ಕಾರ. ಆಗಲಿಲ್ಲ. ಪೆಟ್ಟಿಗಿಗೆ ರೇಂಜ್ ಇರಲಿಲ್ಲೋ ಏನೋ. ಹೆಂಗೂ ನಿಂತೈತಲ್ಲಾ, ಬುಷ್ ಹಾಕೇ ಬಿಡೂಣು ಅಂತ ಬಂದ್ ಒತ್ತಿದ್ಯಾ. ಕೆಂಪ ಬತ್ತಿ ತೋರಿಸ್ತು. ಬಂದ್ ಐತಿ ಅಂತ ಬರದು ಬಂತು. ಫೋನ್ ಖಿಡಕಿ ಮ್ಯಾಲ ಇಟ್ಟು ಕೆಲಸಕ್ಕ ಕುಂತ್ಯಾ."

"ಖಿಡಕಿ ಮ್ಯಾಲ? ಕಿಸೆದಾಗಲ್ಲೇನ್ರಿ?"

"ಖಿಡಕಿ ಮ್ಯಾಲ." ಕಟ್ಟಿದ ಕೈ ನೋಡಿಕೊಂಡು, "ಫ್ಯೂಜ್ ತಗೀಬೇಕಿತ್ತು ನಾನು. ಅದು ನಂದ ತಪ್ಪ, ಖರೆ. ಬತ್ತಿ ನೋಡಿ ನಂಬಿದ್ಯಾ."

ಆಫೀಸಿಗೆ ಬಂದು ಫೋನು ಕಿಟಕಿಯ ಮೇಲಿತ್ತಂತೆ ಎಂದೆ. ಚಾಚಾ, "ಹಂಗ ಹೇಳೂದು ಹೌದಲ್ಲಾ ಅಂವಾ," ಎಂದರು. ಅವರು ಹೇಳುವುದರಲ್ಲೂ ಅರ್ಥವಿದೆ. ನೋವಿನಲ್ಲಿರುವವರ ನೆನಪು ಹಿಂದೆ ಮುಂದೆ ಆಗಬಹುದು.

ಹೇಳಿಕೆಯ ಹಾಳೆ ಇನ್ನೂ ಮೇಜಿನ ಮೇಲೇ ಇದೆ. ಮೇಲೊಂದು ಪುಸ್ತಕ ಇಟ್ಟಿದ್ದೇನೆ.

ನವೆಂಬರ್ 19, ಮಂಗಳವಾರ

ಹೊಸ ನಮೂನೆಯ ಪೆಟ್ಟಿಗೆ ಬಂದರೆ ಅದಕ್ಕೆ ಬೇಕಾದ ತುಣುಕನ್ನು ಪ್ರೋಗ್ರಾಮು ನಿಲ್ಲಿಸದೆ ಸೇರಿಸಲು ಫರ್ಹಾನ ಒಂದು ದಾರಿ ಬಿಟ್ಟಿದ್ದಾರೆ. ಅದೇ ದಾರಿಯಿಂದ ನನ್ನದೊಂದು ಚಿಕ್ಕ ತುಣುಕು ಒಳಗೆ ಕಳಿಸಬೇಕು. ಅದು ಲಾಗಿನ ಬಾಯಿಯ ಹತ್ತಿರ ಕಿವಿಯ ಹಾಗೆ ಕೂರಬೇಕು. ಪ್ರತಿ ಸಾಲು ಪರದೆಗೆ ಹೋಗುವ ಮೊದಲು ಒಂದು ಪ್ರತಿ ನನಗೆ ಕೊಟ್ಟು ಹೋಗಬೇಕು.

ಲ್ಯಾಪ್‌ಟಾಪಿನಲ್ಲಿ ಮಾಡಿ ನೋಡಿದೆ. ಒಂದು ಸಾಲು ಹಿಡಿಯಿತು. ಹಿಡಿದೆ ಎಂದು ತಾನೂ ಲಾಗಿಗೆ ಒಂದು ಸಾಲು ಹೇಳಿತು. ಆ ಸಾಲನ್ನೂ ಹಿಡಿಯಿತು, ಹಿಡಿದೆ ಎಂದು ಮತ್ತೆ ಹೇಳಿತು. ಕ್ಷಣದಲ್ಲಿ ಲ್ಯಾಪ್‌ಟಾಪು ಮರಗಟ್ಟಿ ನಿಂತಿತು. ಇದನ್ನು ಓಡುತ್ತಿರುವ ಪ್ರೋಗ್ರಾಮಿಗೆ ಹಾಕಿದ್ದರೆ ಮೂರು ತಾಲೂಕಿನ ನೀರು ನಿಲ್ಲುತ್ತಿತ್ತು.

ಸುಮ್ಮನೆ ಕೇಳುವುದು, ತಾನು ಏನನ್ನೂ ಹೇಳದಿರುವುದು. ಹಾಗೆ ತಿದ್ದಿದೆ. ನಡೆಯಿತು.

ಫರ್ಹಾನರಿಗೆ ತೋರಿಸಿದೆ. ನಕ್ಕರು, ಅಪಘಾತವಾದ ಮೇಲೆ ಮೊದಲ ಸಲ. "ಹಾಕ್ರಿ. ನಮ್ಮ ಪ್ರೋಗ್ರಾಮು ಎಷ್ಟು ಸಾಚಾ ಐತಿ ಅಂತ ಮಂದಿಗೂ ಗೊತ್ತಾಗಲಿ," ಎಂದರು. ಅವರೇ ಚಾಚಾರ ಕ್ಯಾಬಿನ್ನಿಗೆ ಕರೆದುಕೊಂಡು ಹೋಗಿ ಕೂಡಿಸಿದರು.

ಅಲ್ಲಿ ಒಂದು ವಿಷಯ ಗೊತ್ತಾಯಿತು. ಪೆಟ್ಟಿಗೆ ಸಿಗದಿದ್ದಾಗ ಏನು ಮಾಡುತ್ತೇನೆಂದು ಪ್ರೋಗ್ರಾಮು ಬಾಯಿಬಿಟ್ಟು ಹೇಳುವುದಿಲ್ಲ. ಅಂಥ ಸಣ್ಣ ಮಾತು ಹೇಳಬೇಡವೆಂದು ಹಿಂದೆ ಯಾವಾಗಲೋ ಹಾಕಿಟ್ಟಿದ್ದಾರೆ. ಅದೊಂದು ಭಾಗಕ್ಕೆ ಮಾತ್ರ, ಎಲ್ಲವನ್ನೂ ಹೇಳು ಎಂದು ಬದಲಿಸಿದೆ. ಫರ್ಹಾನ ನೋಡುತ್ತ ನಿಂತಿದ್ದರು.

ನವೆಂಬರ್ 21, ಗುರುವಾರ

ಸಿಕ್ಕಿತು. ಕುಲಗೋಡದ್ದಲ್ಲ, ತುಕ್ಕಾನಟ್ಟಿಯದು.

ಇಂಗ್ಲಿಷಿನಲ್ಲಿ ಬಂದದ್ದನ್ನು ನನ್ನ ಮಾತಿನಲ್ಲಿ ಬರೆದಿಡುತ್ತೇನೆ.

ತುಕ್ಕಾನಟ್ಟಿಯಿಂದ ಚಾಲೂ ಮಾಡಲು ಕೇಳಿಕೆ ಬಂತು. ಪೆಟ್ಟಿಗೆ ಸಿಗುತ್ತಿಲ್ಲ. ಹುಕುಮು ಕಾಯಲು ಇಟ್ಟಿದೆ.

ತುಕ್ಕಾನಟ್ಟಿಯಿಂದ ಬಂದ್ ಮಾಡಲು ಕೇಳಿಕೆ ಬಂತು. ಪಂಪು ಮೊದಲೇ ಬಂದ್ ಇದೆ. ಕಳಿಸುವುದು ಬೇಕಿಲ್ಲ.

ಪೆಟ್ಟಿಗೆ ಸಿಕ್ಕಿತು. ಕಾಯುತ್ತಿದ್ದ ಹುಕುಮು ಕಳಿಸಿದೆ: ಚಾಲೂ.

ಮೂರೇ ಸಾಲು. ಬಂದ್ ಎಂದ ಮೇಲೂ ಹಳೆಯ ಚಾಲೂ ಒಳಗೇ ಕೂತಿರುತ್ತದೆ. ಪೆಟ್ಟಿಗೆಗೆ ರೇಂಜ್ ಬಂದ ಕೂಡಲೇ ಹೊರಡುತ್ತದೆ. ಅಷ್ಟು ಹೊತ್ತೂ ಫೋನಿನಲ್ಲಿ ಕೆಂಪು ಬತ್ತಿ, ಬಂದ್ ಐತಿ ಎಂಬ ಬರಹ.

ತುಕ್ಕಾನಟ್ಟಿಗೆ ಫೋನು ಮಾಡಿ ಕೇಳಿದೆ. "ಹೌದ್ರಿ, ಒಮ್ಮೊಮ್ಮೆ ತಾನ ಚಾಲೂ ಆಗತೈತಿ. ನಾವೂ ಬಂದ್ ಮಾಡಿ ಬಿಡತೇವಿ," ಎಂದರು. ಅಲ್ಲಿ ಆ ಹೊತ್ತಿನಲ್ಲಿ ಪಂಪಿನ ಮೇಲೆ ಯಾರ ಕೈಯೂ ಇರಲಿಲ್ಲ, ಅಷ್ಟೇ.

ಫರ್ಹಾನರಿಗೆ ತೋರಿಸಿದೆ. ಒಮ್ಮೆ ಓದಿದರು. ಮತ್ತೆ ಓದಿದರು. ಕುರ್ಚಿಯನ್ನು ಹಿಂದಕ್ಕೆ ದೂಡಿ ಎದ್ದು ಹೋದರು. ಆಫೀಸಿನ ಹಿಂದಿನ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದರು, ಎಷ್ಟು ಹೊತ್ತಾದರೂ ನೀರು ಬಂದ್ ಮಾಡಲಿಲ್ಲ. ಹೋಗಿ ಹತ್ತಿರ ನಿಂತೆ. "ನಂಗ ಗೊತ್ತಿರಲಿಲ್ಲ, ಸಾಹಿರಾ. ಕಸಂ," ಎಂದರು.

"ನಂಗೂ ಗೊತ್ತಾಗಲಿಲ್ಲಲ್ರಿ. ತಪಾಸ ಮಾಡಾಕಿ ನಾನು."

ಅವರ ಬಗ್ಗೆ ಇಷ್ಟು ಅಕ್ಕರೆ ನನಗೆ ಹಿಂದೆಂದೂ ಬಂದಿರಲಿಲ್ಲ. ನಾಳೆ ಚಾಚಾರಿಗೆ ಇಬ್ಬರೂ ಕೂಡಿ ಹೇಳುತ್ತೇವೆ.

ನವೆಂಬರ್ 22, ಶುಕ್ರವಾರ

ಇಬ್ಬರೂ ಕೂಡಿ ಒಳಗೆ ಹೋದೆವು. ಮಾತಾಡಿದವಳು ನಾನೊಬ್ಬಳೇ.

ಚಾಚಾ ಕೂಗಾಡಲಿಲ್ಲ. ಕೇಳಿ ಮುಗಿಸಿ, ಕ್ಯಾಬಿನ್ನಿನ ಬಾಗಿಲು ಹಾಕಿಸಿದರು. "ಛಲೋ ಆತು, ಸಿಕ್ಕಿತಲ್ಲ. ಬರೂ ಭಾನುವಾರ ಬಿಟ್ಟು ಮುಂದಿನ ಭಾನುವಾರ ಕರೆಂಟ್ ಇರೂದಿಲ್ಲ. ಆಗ ನಿಲ್ಲಿಸಿ ದುರಸ್ತ ಮಾಡ್ರಿ. ಇನ್ನ ಯಾರಿಗೂ ಏನೂ ಆಗೂದಿಲ್ಲ. ಮುಗೀತು."

"ಸಿದ್ರಾಮರದು?"

"ಅಂವನ ಹಣೇಬಾರಾ. ಫ್ಯೂಜ್ ತಗದಿರಲಿಲ್ಲ ಅಂತ ಅಂವನ ಹೇಳ್ಯಾನಲ್ಲ?"

ಅದನ್ನು ನಾನೇ ಬಂದು ಹೇಳಿದ್ದೆ. ಆಸ್ಪತ್ರೆಯಿಂದ ಬಂದ ದಿನ.

"ಆ ಹಾಳೆ ಸಹಿ ಮಾಡಿ ಕೊಡು, ಬೇಟಿ. ಈ ಕಂಪನಿ ನಾಳೆ ಯಾರದು? ನಿಂದ ಮನಿದಲ್ಲೇನ?"

ಬಾಗಿಲು ಹಾಕಿದ್ದರಿಂದ ಒಳಗೆ ಸೆಖೆ. ಫರ್ಹಾನ ತನ್ನ ಅಬ್ಬಾನ ಮೇಜಿನ ಮೇಲಿನ ಪೇಪರ್‌ವೇಟನ್ನು ತಿರುಗಿಸುತ್ತ ನಿಂತಿದ್ದ.

ನವೆಂಬರ್ 23, ಶನಿವಾರ

ಫರ್ಹಾನ ಬಸ್‌ಸ್ಟ್ಯಾಂಡಿನವರೆಗೆ ನಡೆದು ಬಂದ. ದುರಸ್ತಿ ತಯಾರಾಗಿದೆಯಂತೆ, ಅಲ್ಲಿಯವರೆಗೆ ಎಲ್ಲ ಊರಿಗೂ ಫೋನು ಮಾಡಿ, ರಿಪೇರಿ ಇದ್ದರೆ ಫ್ಯೂಜ್ ತೆಗೆದೇ ಮಾಡಿರೆಂದು ಹೇಳಿದ್ದಾನಂತೆ. ಒಳ್ಳೆಯ ಕೆಲಸ. "ಮತ್ತೇನ ಮಾಡಬೇಕು ನಾನು? ಅಬ್ಬಾನ ಮುಂದ ನಿಂತರ ನನ್ನ ಬಾಯಿನ ಒಣಗತೈತಿ. ಮೊದಲಿಂದ ಹಂಗ. ನೀವ ಸಹಿ ಮಾಡಿಬಿಡ್ರಿ, ಇದು ಮುಗೀಲಿ."

ಬಸ್ಸು ಬಂತು. ಹತ್ತಿದೆ.

ನವೆಂಬರ್ 25, ಸೋಮವಾರ

ಸಹಿ ಮಾಡಿಲ್ಲ. ತಲೆನೋವೆಂದೆ.

ನವೆಂಬರ್ 26, ಮಂಗಳವಾರ

ನೀರಿನ ಸಂಘದ ಅಧ್ಯಕ್ಷರು ಮಾಲಿಂಗಪ್ಪ ಆಫೀಸಿಗೆ ಬಂದಿದ್ದರು. ತಲೆಗೆ ಬಿಳಿ ಪಟಗಾ ಸುತ್ತಿದ ಹಿರಿಯರು. ಸಿದ್ರಾಮರನ್ನು ಕೆಲಸದಿಂದ ತೆಗೆದಿದ್ದಾರಂತೆ. ಬೇಸರದಿಂದಲೇ ಹೇಳಿದರು. "ಏನ್ ಮಾಡೂದ್ರಿ, ಕಮೀಟಿ ಮಂದಿ ಕೇಳೂದಿಲ್ಲ. ಅಂವನ ಬೇಪರ್ವಾಯಿಂದ ಆಗೈತಿ ಅಂತ ನಿಮ್ಮ ಕಂಪನೀನ ಹೇಳತೈತಿ ಅಂದಮ್ಯಾಲ ಹೆಂಗ ಇಟ್ಕೊಳ್ಳೂದು? ಆ ಕಾಗದ ಒಂದ ಕೊಟ್ಟಬಿಡ್ರಿ, ಇನ್ಶೂರನ್ಸದವರು ಕೇಳಾಕತ್ತಾರ."

ಶಮಶೇರ ಸಾಹೇಬರು ನನ್ನ ಕಡೆ ಕೈ ತೋರಿಸಿದರು. "ನಮ್ಮ ತಪಾಸಣಿ ಮೇಡಂ ಅದಾರಲ್ಲ. ಈ ವಾರದಾಗ ಕೊಡತಾರ."

ಮಾಲಿಂಗಪ್ಪ ನನಗೆ ಕೈ ಮುಗಿದರು. ನನ್ನ ಅಜ್ಜನ ವಯಸ್ಸಿನವರು. ಅವರ ಎದುರಿಗೆ ಫರ್ಹಾನ ಕೂತಿದ್ದ, ಸಾಹೇಬರು ಕೂತಿದ್ದರು, ನಾನು ಕೂತಿದ್ದೆ. ಮೂವರಿಗೂ ಗೊತ್ತಿತ್ತು. ನಾಲ್ಕನೆಯವರು ಚಹಾ ಕುಡಿದು ಎದ್ದು ಹೋದರು.

ನಾನು ಹಿಡಿದಿಟ್ಟ ಸಾಲುಗಳನ್ನು ಕೊಟ್ಟರೂ, ಇವಳೇ ಬರೆದುಕೊಂಡಿದ್ದಾಳೆ ಎಂದರೆ ಮುಗಿಯಿತು. ಭಾನುವಾರ ದುರಸ್ತಿಯಾದ ಮೇಲೆ ಎಷ್ಟು ಸಲ ಮಾಡಿ ತೋರಿಸಿದರೂ ಪಂಪು ತಾನಾಗಿ ಚಾಲೂ ಆಗುವುದಿಲ್ಲ. ಇರುವುದು ಈ ವಾರ ಮಾತ್ರ.

ಮನೆಯಲ್ಲಿ ಅಬ್ಬಾ ಒಂದು ಹೊಸ ಟ್ರಂಕಿಗೆ ಬಣ್ಣ ಹಚ್ಚುತ್ತಿದ್ದರು. ಹೇಳೋಣವೆಂದು ಹತ್ತಿರ ಹೋಗಿ ಕೂತೆ. ಅಬ್ಬಾನಿಗೂ ಶಮಶೇರ ಸಾಹೇಬರಿಗೂ ಹುಡುಗತನದಿಂದ ದೋಸ್ತಿ. ಬಣ್ಣ ಒಣಗುವವರೆಗೂ ಕೂತು ಎದ್ದು ಬಂದೆ.

ನವೆಂಬರ್ 28, ಗುರುವಾರ

ಇವತ್ತು ಆಫೀಸಿಗೆ ಹೋಗಲಿಲ್ಲ. ಗೋಕಾಕದಲ್ಲಿ ಇಳಿದು ಕುಲಗೋಡದ ಬಸ್ಸು ಹತ್ತಿದೆ. ಮಾಲಿಂಗಪ್ಪನವರಿಗೆ ನಿನ್ನೆಯೇ ಫೋನು ಮಾಡಿ, "ಕಾಗದ ಕೊಡೂ ಮೊದಲ ಪಂಪ್‌ಹೌಸ್ ನೋಡಬೇಕ್ರಿ. ಸಿದ್ರಾಮಣ್ಣನ್ನೂ ಕರೀರಿ," ಎಂದಿದ್ದೆ.

ಪಂಪ್‌ಹೌಸ್ ಕಾಲುವೆಗೆ ಅಂಟಿಕೊಂಡ ಒಂದು ಖೋಲಿ. ಸಿದ್ರಾಮ ಬಾಗಿಲ ಹೊರಗೇ ನಿಂತಿದ್ದರು. ಅಂದಿನಿಂದ ಒಳಗೆ ಕಾಲಿಟ್ಟಿಲ್ಲವಂತೆ. ಸಂಘದ ನಾಲ್ಕೈದು ಜನ ಬಂದಿದ್ದರು.

"ಮೋಟರಿನ ವೈರ್ ಬಿಚ್ಚಿಸ್ರಿ," ಎಂದೆ. "ಮೋಟರು ತಿರುಗಬಾರದು. ಮೋಟರಿಗೆ ಕರೆಂಟ್ ಕೊಡೂ ಸ್ಟಾರ್ಟರ್ ಅಷ್ಟ ನೋಡೂಣು." ಕರೆಂಟು ತೆಗೆದು, ಸಂಘದ ಎಲೆಕ್ಟ್ರಿಷಿಯನ್ ಕೇದಾರಿ ವೈರ್ ಬಿಚ್ಚಿದರು. ಮತ್ತೆ ಕರೆಂಟು ಕೊಟ್ಟರು. ಪೆಟ್ಟಿಗೆಯ ಆಂಟೆನಾ ತಿರುವಿ ತೆಗೆಯಲು ಸಿದ್ರಾಮರಿಗೆ ಹೇಳಿದೆ. ಅವರು ಹೊಸ್ತಿಲಿನ ಹತ್ತಿರ ಸ್ವಲ್ಪ ಹೊತ್ತು ನಿಂತರು. ಆಮೇಲೆ ಬಂದು ಎಡಗೈಯಿಂದ ತೆಗೆದರು.

"ಈಗ ಪೆಟ್ಟಿಗಿಗೆ ರೇಂಜ್ ಇಲ್ಲ. ಆ ದಿನ ಮಾಡಿದಂಗ ಮಾಡ್ರಿ."

ಸಿದ್ರಾಮ ಫೋನಿನಲ್ಲಿ ಚಾಲೂ ಒತ್ತಿದರು. ಏನೂ ಆಗಲಿಲ್ಲ. ಬಂದ್ ಒತ್ತಿದರು. ಕೆಂಪು ಬತ್ತಿ ಬಂತು, ಬಂದ್ ಐತಿ ಎಂದು ಬರೆದು ಬಂತು. ಎಲ್ಲರೂ ಬಗ್ಗಿ ನೋಡಿದರು. "ಫೋನ್ ಖಿಡಕಿ ಮ್ಯಾಲ ಇಡ್ರಿ," ಎಂದೆ. ಇಟ್ಟರು. ಎಲ್ಲರನ್ನೂ ಗೋಡೆಗೆ ಸರಿಸಿದೆ. ಯಾರ ಕೈಯೂ ಯಾವುದರ ಮೇಲೂ ಇರಲಿಲ್ಲ. ಕೇದಾರಿ ಆಂಟೆನಾ ತಿರುವಿ ಕೂಡಿಸಿ, ಅವರೂ ಸರಿದು ನಿಂತರು.

ಕಾದೆವು. ಕಾಲುವೆಯ ನೀರಿನ ಸಪ್ಪಳ ಮಾತ್ರ. ಆಗದಿದ್ದರೆ ಏನು ಗತಿ ಎಂದುಕೊಂಡೆ. ಆಗದಿರಲಿ ಎಂದೂ ಅನ್ನಿಸಿತು. ಅದನ್ನೂ ಬರೆಯಬೇಕು, ಇಲ್ಲಿ ಸುಳ್ಳು ಬರೆದು ಏನು ಮಾಡಲಿ.

ಢಬ್ ಎಂದು ಸ್ಟಾರ್ಟರ್ ಎಳೆದುಕೊಂಡು ತಾನಾಗಿ ಚಾಲೂ ಆಯಿತು.

ಸಿದ್ರಾಮ ಬೆಚ್ಚಿ, ಕಟ್ಟಿದ ಕೈಯನ್ನು ಎದೆಗೆ ಎಳೆದುಕೊಂಡು ಗೋಡೆಗೆ ಬಡಿದುಕೊಂಡರು. ಕಿಟಕಿಯ ಮೇಲೆ ಫೋನು ಇನ್ನೂ ಬಂದ್ ಎಂದೇ ತೋರಿಸುತ್ತಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಗೋಕಾಕದಿಂದ ಅದೇ ಮೂರು ಸಾಲು ಒಂದರ ಕೆಳಗೊಂದು ಬಂದವು, ಈ ಸಲ ಕುಲಗೋಡದ ಹೆಸರಿನಲ್ಲಿ. ಮಾಲಿಂಗಪ್ಪನವರಿಗೆ ಓದಿ ಹೇಳಿದೆ. ಅವರು ಚಷ್ಮಾ ತೆಗೆದು ಒರೆಸಿಕೊಂಡರು.

"ಹಂಗಾರ ನಾವು ಈ ಮನಶ್ಯಾನ ಸುಳ್ಳ ಬೈದೀವಿ," ಎಂದರು.

ಸಿದ್ರಾಮ ಹೊರಗೆ ಹೋಗಿ ಕಾಲುವೆಯ ಕಟ್ಟೆಯ ಮೇಲೆ ಕೂತರು. ಅವರ ಭುಜ ಅಲುಗುತ್ತಿತ್ತು. ನಾನು ಹತ್ತಿರ ಹೋಗಲಿಲ್ಲ. ಹೋಗಿ ಏನು ಹೇಳಲಿ?

ನವೆಂಬರ್ 29, ಶುಕ್ರವಾರ

ನನ್ನ ಕೀಲಿ, ಗುರುತಿನ ಕಾರ್ಡು ಇಸಿದುಕೊಂಡರು. ಸಾಹೇಬರು ಈಗಲೂ ಕೂಗಾಡಲಿಲ್ಲ. "ನಿಮ್ಮ ಅಬ್ಬಾಗ ನಾ ಫೋನ್ ಮಾಡತೇನಿ," ಎಂದರು. ಫರ್ಹಾನ ಆಫೀಸಿನಲ್ಲಿ ಇರಲಿಲ್ಲ. ಇದ್ದಿರಬಹುದು. ಹಿಂದಿನ ನಲ್ಲಿಯಲ್ಲಿ ನೀರು ಬೀಳುವ ಸಪ್ಪಳವಿತ್ತು.

ಡಿಸೆಂಬರ್ 3, ಮಂಗಳವಾರ

ಮನೆಯಲ್ಲಿ ಯಾರೂ ಯಾರ ಜೊತೆಗೂ ಮಾತಾಡುತ್ತಿಲ್ಲ. ಅಮ್ಮಿ ಒಮ್ಮೆ ಮಾತ್ರ ಬಾಯಿ ಬಿಟ್ಟಳು. "ತಾರೀಖು ಹಿಡದೈತಿ, ಮಂದೀಗೆಲ್ಲಾ ಹೇಳೇವಿ. ನೀ ಊರ ಮಂದಿ ನ್ಯಾಯಾ ಮಾಡಾಕ ಹ್ವಾದಿ?"

ಸಾಹೇಬರು ಅಬ್ಬಾನಿಗೆ ಫೋನು ಮಾಡಿದ್ದರು. ಒಂದು ಸಣ್ಣ ಕಾಗದ ಬರೆದುಕೊಟ್ಟರೆ ಸಾಕಂತೆ: ಆ ದಿನ ತೋರಿಸಿದ್ದರಲ್ಲಿ ತಿಳಿವಳಿಕೆ ತಪ್ಪಾಗಿತ್ತು ಎಂದು. ಆಮೇಲೆ ಎಲ್ಲ ಮೊದಲಿನಂತೆ.

ಅಬ್ಬಾ ಕೇಳಿದರು, "ತಪ್ಪ ಆಗಿತ್ತೇನ?"

"ಇಲ್ರಿ, ಅಬ್ಬಾ."

"ನಲವತ್ತ ವರ್ಷದ ದೋಸ್ತಿ," ಎಂದರು. ಅಷ್ಟೇ. ಮನೆಗೆ ಹತ್ತಿದ ತಮ್ಮ ಟ್ರಂಕಿನ ಅಂಗಡಿಗೆ ಹೋದರು. ತಗಡು ಬಡಿಯುವ ಸಪ್ಪಳ ಇಡೀ ದಿನ ಕೇಳುತ್ತಿತ್ತು.

ಹಿತ್ತಲಿನಿಂದ ಪಡಸಾಲೆಗೆ, ಪಡಸಾಲೆಯಿಂದ ಹಿತ್ತಲಿಗೆ. ಹೊರಗೆ ಹೋದರೆ ಕೇಳುತ್ತಾರೆ, ಆಫೀಸು ಯಾಕೆ ಬಿಟ್ಟಿ? ಮದುವೆ ಅಂತ ಅನ್ನುತ್ತೇನೆ. ಮದುವೆ ಇದೆಯೋ ಇಲ್ಲವೋ ನನಗೇ ಗೊತ್ತಿಲ್ಲ.

ಡಿಸೆಂಬರ್ 7, ಶನಿವಾರ

ಫರ್ಹಾನನ ಫೋನು. ದನಿ ಬಹಳ ಸಣ್ಣಗಿತ್ತು. ಬುಧವಾರ ಮೂಡಲಗಿಯಲ್ಲಿ ಸಂಘದವರು, ಇನ್ಶೂರೆನ್ಸಿನವರು, ಕಂಪನಿಯವರು ಎಲ್ಲ ಕೂಡುತ್ತಾರಂತೆ. ಪ್ರೋಗ್ರಾಮಿನ ದೋಷ ಇಲ್ಲವೆನ್ನಲು ಇನ್ನು ಬರುವುದಿಲ್ಲ. ಹಾಗಾಗಿ ಅದನ್ನು ಬರೆದವರು ಯಾರೆಂದು ಕೇಳುತ್ತಾರೆ.

"ಅಬ್ಬಾ ನಿಮ್ಮ ಹೆಸರ ಹೇಳಾಂವ ಅದಾನ," ಎಂದ.

"ಬರದಾವರು ನೀವಲ್ಲ?"

"ಹೌದು."

"ಹಂಗಾರ ನೀವ ಹೇಳ್ರಿ."

ಲೈನಿನಲ್ಲಿ ಅವನ ಉಸಿರು ಕೇಳುತ್ತಿತ್ತು. "ನೋಡತೇನಿ," ಎಂದ.

ಡಿಸೆಂಬರ್ 11, ಬುಧವಾರ

ನಾನೊಬ್ಬಳೇ ಹೋಗುವವಳಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ನೋಡಿದರೆ ಅಬ್ಬಾ ತಲೆಗೆ ಟೋಪಿ ಹಾಕಿಕೊಂಡು ನನಗಿಂತ ಮೊದಲೇ ನಿಂತಿದ್ದರು. ಮೂಡಲಗಿ ಬರುವವರೆಗೂ ಬಸ್ಸಿನ ಕಿಟಕಿಯ ಹೊರಗೇ ನೋಡುತ್ತ ಕೂತಿದ್ದರು. ಸಭೆಯ ಖೋಲಿಯೊಳಗೆ ಹೋದ ಮೇಲೆ ಹಿಂದಿನ ಕುರ್ಚಿಯಲ್ಲಿ ಕೂತರು. ದೋಸ್ತನ ಬಾಜೂ ಖಾಲಿ ಇತ್ತು, ಅಲ್ಲಿ ಕೂರಲಿಲ್ಲ.

ಸಿದ್ರಾಮ, ಉದ್ದವ್ವ ಮುಂದಿನ ಸಾಲಿನಲ್ಲಿದ್ದರು. ಬ್ಯಾಂಡೇಜು ತೆಗೆದಿದ್ದರು. ಮೊದಲ ಸಲ ಆ ಕೈ ನೋಡಿದೆ.

ಶಮಶೇರ ಸಾಹೇಬರು ಎದ್ದು ನಿಂತು ಶಾಂತವಾಗಿ ಹೇಳಿದರು. "ದೋಷ ಇತ್ತು, ಒಪ್ಪತೇವಿ. ಆದರ ಆ ಭಾಗ ಬರದಾಕಿ ಸಾಹಿರಾ. ನಮಗ ಹೇಳದ ಬರದಿದ್ದಳು. ಈಗ ಕೆಲಸಾ ಬಿಟ್ಟು ಹೋಗ್ಯಾಳ. ನಾವರ ಏನ್ ಮಾಡೂದು?"

ಎಲ್ಲರೂ ನನ್ನ ಕಡೆ ತಿರುಗಿದರು. ಉದ್ದವ್ವನೂ. ಮಾಲಿಂಗಪ್ಪ ಕೇಳಿದರು, "ಹೌದೇನವಾ, ತಂಗಿ?"

ಫರ್ಹಾನನನ್ನು ನೋಡಿದೆ. ಕೈಯಲ್ಲಿದ್ದ ಫೋನನ್ನು ನೋಡುತ್ತಿದ್ದ. ಫೋನಿನ ಪರದೆ ಆರಿತ್ತು. ಅವನು ಹೇಳುತ್ತಾನೆಂದು ಕಾದೆ. ಖೋಲಿಯಲ್ಲಿ ಫ್ಯಾನು ತಿರುಗುತ್ತಿತ್ತು. ಹಿಂದೆ ಅಬ್ಬಾ ಕೆಮ್ಮಿದರು.

"ಇಲ್ರಿ," ಎಂದೆ. "ಬರದಾಂವ ಫರ್ಹಾನ. ತಪಾಸ ಮಾಡಿದಾಕಿ ನಾನು. ಇಬ್ಬರಿಗೂ ಗೊತ್ತಾಗಲಿಲ್ಲ. ಗೊತ್ತಾದ ಮ್ಯಾಲ ಮುಚ್ಚಿಟ್ಟದ್ದು ಮೂರೂ ಮಂದಿ. ನಾನೂ ಒಂದ ವಾರ ಮುಚ್ಚಿಟ್ಟೇನಿ. ಸಿದ್ರಾಮಣ್ಣನ ಕೆಲಸಾ ಅದ ವಾರದಾಗ ಹೋತು."

ನನ್ನ ದನಿ ನನಗೇ ಬೇರೆಯವರ ದನಿಯ ಹಾಗೆ ಕೇಳಿಸಿತು. ಇಷ್ಟು ಜನರ ನಡುವೆ ನಾನು ಯಾವತ್ತೂ ಮಾತಾಡಿದವಳಲ್ಲ.

"ಹೌದ್ರಿ," ಎಂದ ಫರ್ಹಾನ, ತಲೆ ಎತ್ತದೆ. "ನಾನ ಬರದದ್ದು."

ಶಮಶೇರ ಸಾಹೇಬರು ಮಗನನ್ನು ನೋಡಿದರು. ಕೂತರು.

ಸಂಜೆಯ ಹೊತ್ತಿಗೆ ಎಲ್ಲ ಬರವಣಿಗೆಯಲ್ಲಿ ಆಯಿತು. ಅಪಘಾತ ಪ್ರೋಗ್ರಾಮಿನ ದೋಷದಿಂದ ಆದದ್ದು. ಸಿದ್ರಾಮರಿಗೆ ಪರಿಹಾರ ಸಿಗಬೇಕು, ಕೆಲಸಕ್ಕೆ ತಿರುಗಿ ತೆಗೆದುಕೊಳ್ಳಬೇಕು. ಪ್ರತಿ ಪಂಪಿನಲ್ಲೂ ಕೈಯಿಂದ ಹಾಕುವ ಬೀಗದ ಸ್ವಿಚ್ಚು ಕಂಪನಿ ಕೂಡಿಸಿಕೊಡಬೇಕು.

ಹೊರಗೆ ಬಂದಾಗ ಉದ್ದವ್ವ ನನ್ನ ಮುಂದೆ ನಿಂತರು. ಹರಸುತ್ತಾರೆಂದುಕೊಂಡೆ. "ಮೊದಲ ಹೇಳಬೇಕಿತ್ತವಾ," ಎಂದರು. "ನನ್ನ ಮಗಾ ಹದಿನೈದ ದಿನಾ ಯಾರ ಮಾರೀನೂ ನೋಡಲಿಲ್ಲ."

ತಲೆ ತಗ್ಗಿಸಿದೆ. ಸಿದ್ರಾಮ, "ಹೋಗಲಿ ಬಿಡಬೇ," ಎಂದು ಅವರನ್ನು ಕರೆದುಕೊಂಡು ಹೋದರು.

ಡಿಸೆಂಬರ್ 15, ಭಾನುವಾರ

ಅಬ್ಬಾ ಗೋಕಾಕಕ್ಕೆ ಹೋಗಿ ಬಂದರು. ತಾರೀಖು ರದ್ದು. ಬೇಡವೆಂದವರು ಯಾರು, ಅವರೋ ನಾವೋ, ಎಂದು ಅಮ್ಮಿ ಕೇಳಿದಳು. "ಯಾರೂ ಅನ್ನಲಿಲ್ಲ. ಚಹಾ ಕುಡದ ಎದ್ದ ಬಂದ್ಯಾ," ಎಂದರು.

ಡಿಸೆಂಬರ್ 19, ಗುರುವಾರ

ಬೆಲ್ಲದ ಬಾಗೇವಾಡಿಯ ಸಂಘದವರು ಬಂದಿದ್ದರು. ಅವರ ಪೆಟ್ಟಿಗೆ, ಪ್ರೋಗ್ರಾಮು ಎರಡನ್ನೂ ಬೇರೆಯವರಿಂದ ತಪಾಸಿಸಬೇಕಂತೆ. "ಅಕೀನ ಕರೀರಿ" ಎಂದು ಮಾಲಿಂಗಪ್ಪ ಹೇಳಿ ಕಳಿಸಿದ್ದಾರೆ. ಕಂಪನಿಯೂ ಒಪ್ಪಿದೆ, ಒಪ್ಪದೆ ಗತಿಯಿಲ್ಲ. ನಾಳೆ ಹೋಗುತ್ತೇನೆ. ಲಾಗನ್ನು ಓಡುವಾಗಲೇ ಹಿಡಿದು, ಹಳೆಯದು ಅಳಿಸುತ್ತ, ಡಿಸ್ಕ್ ತುಂಬದ ಹಾಗೆ ಉಳಿಸುವುದು ಹೇಗೆಂದು ಇವತ್ತು ಮಧ್ಯಾಹ್ನವೆಲ್ಲ ಬ‌ರೆದೆ. ಕಷ್ಟವಿರಲಿಲ್ಲ. ಮೊದಲೇ ಯಾಕೆ ಮಾಡಲಿಲ್ಲವೋ.

ಡಿಸೆಂಬರ್ 22, ಭಾನುವಾರ

ಫರ್ಹಾನ ಫೋನು ಮಾಡಿದ್ದ. ಮನೆಯಿಂದಲ್ಲ, ಬೇರೆ ಖೋಲಿ ಮಾಡಿಕೊಂಡಿದ್ದಾನಂತೆ. ಊರೂರಿಗೆ ತಾನೇ ಹೋಗಿ ಬೀಗದ ಸ್ವಿಚ್ಚು ಕೂಡಿಸುತ್ತಿದ್ದಾನಂತೆ. ಕುಲಗೋಡದಲ್ಲಿ ಸಿದ್ರಾಮರು ಚಹಾ ಕುಡಿಸಿದರಂತೆ. ಕೇಳಿ ನನಗೆ ಒಳ್ಳೆಯದೆನ್ನಿಸಿತು. ಸುಳ್ಳಲ್ಲ.

ಆಮೇಲೆ, "ಅಬ್ಬಾನ ಮುಂದ ಅವತ್ತ ಹೌದು ಅಂದ್ಯಾ ನಾನು. ಹುಟ್ಟಿದಾಗಿಂದ ಮೊದಲ ಸಲ," ಎಂದ. "ಮದುವಿ ಮಾತ ಇನ್ನೊಮ್ಮೆ ಇಬ್ಬರೂ ಕೂಡಿ ಆಡೂಣಲ್ಲಾ, ಸಾಹಿರಾ?"

"ಅಂದಿ, ಫರ್ಹಾನ," ಎಂದೆ. "ನಾ ಅಂದ ಮ್ಯಾಲ ನೀ ಅಂದಿ."

ಅವನು ಏನಾದರೂ ಹೇಳುತ್ತಾನೇನೋ ಎಂದು ಫೋನು ಹಿಡಿದುಕೊಂಡೇ ಕೂತಿದ್ದೆ. ಆಮೇಲೆ ನಾನೇ ಇಟ್ಟೆ.